ಹುಣಸೆಮರ ಈಗ ಇಲ್ಲ ಸರ್

ಗ್ಯಾಸ್ ಸಿಲಿಂಡರಿಗೆ ಫೋನ್ ಮಾಡಿದರೆ ಒಬ್ಬ ಹೆಣ್ಣುಮಗಳು ಮಾತಾಡುತ್ತಾಳಲ್ಲ, ಅವಳ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಒಂದನ್ನು ಒತ್ತಿ ಎಂದಳು, ಒತ್ತಿದೆ. ಎರಡನ್ನು ಒತ್ತಿ ಎಂದಳು, ಅದನ್ನೂ ಒತ್ತಿದೆ. ಆಮೇಲೆ ಇದ್ದಕ್ಕಿದ್ದಂತೆ ನಿಮ್ಮ ಆಯ್ಕೆ ಅಮಾನ್ಯವಾಗಿದೆ ಎಂದು ಹೇಳಿ ಫೋನ್ ಇಟ್ಟೇಬಿಟ್ಟಳು. ಯಾವ ಆಯ್ಕೆ? ಯಾಕೆ ಅಮಾನ್ಯ? ನಾನು ಏನನ್ನು ಒತ್ತಿದ್ದರೆ ಆ ಮಹಾತಾಯಿಗೆ ಮಾನ್ಯವಾಗುತ್ತಿತ್ತು? ನಾನು ಇದನ್ನೆಲ್ಲ ಫೋನಿಗೇ ಕೇಳುತ್ತಿದ್ದೆನೆಂದು ಕಾಣುತ್ತದೆ. ನನ್ನ ಹೆಂಡತಿ ಸಾವಿತ್ರಿ ಅಡುಗೆಮನೆಯಿಂದ ಇಣುಕಿ ಯಾರ ಹತ್ತಿರ ಜಗಳ ಎಂದು ಕೇಳಿದಳು. ಗ್ಯಾಸಿನವಳ ಹತ್ತಿರ ಎಂದೆ. ಅವಳು ಫೋನ್ ಕಿತ್ತುಕೊಂಡು ಏನನ್ನೋ ಒತ್ತಿ ಬುಕ್ ಮಾಡಿ ವಾಪಸ್ ಕೊಟ್ಟಳು. ಏನು ಒತ್ತಿದಳೆಂದು ಅವಳೂ ಹೇಳಲಿಲ್ಲ.

ಲೋಕದಲ್ಲಿ ತಪ್ಪು ಎಂದು ಹೇಳುವವರು ಎರಡು ಬಗೆ. ಒಂದು ಬಗೆಯವರು ತಪ್ಪು ಎಂದು ಹೇಳಿ ಕಿಟಕಿ ಮುಚ್ಚಿಕೊಳ್ಳುತ್ತಾರೆ. ನಾನು ಹುಡುಗನಾಗಿದ್ದಾಗ ಯಲಹಂಕದ ಹಳೇ ಊರಿನಲ್ಲಿ ಸರ್ಕಾರಿ ಕಚೇರಿಯೊಂದರ ಕಿಟಕಿಯ ಹಿಂದೆ ಇಂಥವರೊಬ್ಬರು ಕೂರುತ್ತಿದ್ದರು. ಅಪ್ಪ ನನ್ನ ಕೈಯಲ್ಲಿ ಅರ್ಜಿ ಕೊಟ್ಟು ಕಳಿಸುತ್ತಿದ್ದರು. ಅವರು ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಸರಿಯಿಲ್ಲ ಎಂದು ನನ್ನ ಕಡೆ ಜಾರಿಸಿ, ಚಹಾ ಕುಡಿಯಲು ಎದ್ದು ಹೋಗುತ್ತಿದ್ದರು. ಅಪ್ಪ ಅದನ್ನೇ ಇನ್ನಷ್ಟು ದುಂಡಗೆ ಬರೆದು ಮತ್ತೆ ಕಳಿಸುತ್ತಿದ್ದರು. ಅದೂ ಸರಿಯಿಲ್ಲ. ಏನು ಸರಿಯಿಲ್ಲ ಎಂಬುದು ಅಪ್ಪನಿಗೆ ಕಡೆಗೂ ತಿಳಿಯಲಿಲ್ಲ, ಅಕ್ಷರ ಮಾತ್ರ ಬಹಳ ಚೆನ್ನಾಗಾಯಿತು.

ಇನ್ನೊಂದು ಬಗೆಗೆ ನನ್ನ ಕಣ್ಣೆದುರು ಬರುವುದು ಹಿಟ್ಟಿನ ಗಿರಣಿಯ ಗೌರಮ್ಮ. ಗಿರಣಿ ಅವರ ಗಂಡನದು, ನಡೆಸುತ್ತಿದ್ದವರು ಅವರು. ಹುಬ್ಬು, ರೆಪ್ಪೆ, ಕಿವಿಯ ಓಲೆಯ ಸಂದು ಎಲ್ಲ ಹಿಟ್ಟು ಕೂತು ಬೆಳ್ಳಗೆ. ಬೆಲ್ಟು ಪಟಪಟ ಬಡಿಯುವ ಸದ್ದಿನ ಮೇಲೆ ಅವರ ದನಿ ಕೇಳಬೇಕು. ಅಮ್ಮ ನನ್ನನ್ನು ರಾಗಿಯ ಡಬ್ಬ ಹೊರಿಸಿ ಕಳಿಸಿದ್ದಳು. ಗಿರಣಿಯಲ್ಲಿ ಎರಡು ಸಾಲು. ನಾನು ಜಾಣನಲ್ಲವೇ, ಚಿಕ್ಕ ಸಾಲು ನೋಡಿ ಡಬ್ಬ ಇಟ್ಟೆ. ಗೌರಮ್ಮ ಅಲ್ಲಿಂದಲೇ ಕೂಗಿದರು. "ಲೋ, ಅದು ಮೆಣಸಿನಕಾಯಿ ಬೀಸೋ ಮಿಷನ್ನು ಕಣೋ. ಅದ್ರಲ್ಲಿ ರಾಗಿ ಹಾಕಿದ್ರೆ ನಾಳೆ ನಿಮ್ಮಮ್ಮ ಮುದ್ದೆ ತಿಂದು ಅಳ್ತಾಳೆ. ಈ ಕಡೆ ಬಾ, ನೀಲಿ ಸೀರೆ ಅಕ್ಕನ ಹಿಂದೆ ನಿಂತ್ಕೊ." ನೋಡಿ, ಆ ಸದ್ದಿನಲ್ಲಿ, ಕೈತುಂಬ ಕೆಲಸವಿರುವಾಗ, ತಪ್ಪು ಏನು, ಅದರಿಂದ ಯಾರಿಗೆ ಏನಾಗುತ್ತದೆ, ಈಗ ಎಲ್ಲಿ ಹೋಗಿ ನಿಲ್ಲಬೇಕು ಎಲ್ಲವನ್ನೂ ಹೇಳಿ ಮುಗಿಸಿದ್ದರು. ನಾನು ನೀಲಿ ಸೀರೆಯ ಹಿಂದೆ ಹೋಗಿ ನಿಂತೆ. ನಾಚಿಕೆ ಕೂಡ ಆಗಲಿಲ್ಲ.

ಆ ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು. ಗೌರಮ್ಮನ ದನಿಯನ್ನು ನಾನು ಮತ್ತೆ ಕೇಳಿದ್ದು, ನೀವು ನಂಬುತ್ತೀರೋ ಇಲ್ಲವೋ, ಒಂದು ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ.

ನಾನು ಅಟ್ಟೂರಿನ ಒಂದು ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಮಂಡಿ ನೋವು ಶುರುವಾಗಿ, ದಿನವಿಡೀ ನಿಂತು ಪಾಠ ಮಾಡುವುದು ಆಗದು ಎಂದಾದಾಗ ನಮ್ಮ ಹೆಡ್ ಮೇಡಂ ನನ್ನನ್ನು ಕರೆಸಿ ಬಸ್ಸುಗಳ ಉಸ್ತುವಾರಿ ನೋಡಿಕೊಳ್ಳಿ ಎಂದರು. ಕೂತು ಮಾಡುವ ಕೆಲಸ. ಒಂದು ಟರ್ಮ್ ನೋಡೋಣ ಸರ್ ಎಂದೂ ಸೇರಿಸಿದರು. ಆ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಟರ್ಮ್ ಮುಗಿಯುವುದರೊಳಗೆ ಕೆಲಸ ಕೈಗೆ ಹತ್ತದಿದ್ದರೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆದು ಮನೆಗೆ ಕಳಿಸುತ್ತಾರೆ. ಮನೆಯಲ್ಲಿ ಕೂರುವುದು ನನಗೆ ಸುತರಾಂ ಇಷ್ಟವಿರಲಿಲ್ಲ. ಸಾವಿತ್ರಿಗೂ ಇರಲಿಲ್ಲ. ಅದನ್ನು ಅವಳು ನನಗಿಂತ ಮೊದಲೇ ಹೇಳಿಬಿಟ್ಟಿದ್ದಳು.

ಕೆಲಸ ಏನೆಂದರೆ, ಬಸ್ಸು ತಡವಾದರೆ ಆ ಸ್ಟಾಪಿನ ಅಪ್ಪ ಅಮ್ಮಂದಿರಿಗೆಲ್ಲ ಸಂದೇಶ ಕಳಿಸುವುದು. ಹೆಬ್ಬಾಳ ದಾಟಿ ಬರುವ ಬಸ್ಸು ತಡವಾಗದ ದಿನ ಯಾವುದು ಹೇಳಿ? ಇದಕ್ಕೆಂದೇ ನಮ್ಮ ಕಂಪ್ಯೂಟರ್ ಟೀಚರ್ ನಸ್ರೀನ್ ಮೇಡಂ ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳ ಪಟ್ಟಿ, ಬರೆದಿದ್ದರು. ಕಪ್ಪು ಪರದೆ ತೆರೆದು ಅದರ ಹೆಸರು ಬರೆದು, ಪಕ್ಕದಲ್ಲಿ ಯಾವ ಬಸ್ಸು, ಯಾವ ಸ್ಟಾಪು, ಎಷ್ಟು ನಿಮಿಷ ತಡ ಎಂದು ಬರೆದು ಎಂಟರ್ ಒತ್ತಿದರೆ ಆಯಿತು, ಆ ಸ್ಟಾಪಿನವರ ಫೋನೆಲ್ಲ ಒಟ್ಟಿಗೆ ಕಿಣಿಕಿಣಿ ಎನ್ನುತ್ತವೆ. ಪ್ರಶ್ನೆಪತ್ರಿಕೆ ಟೈಪ್ ಮಾಡಿ ಮಾಡಿ ಕನ್ನಡ ಕೀಲಿಮಣೆ ನನಗೆ ರೂಢಿಯಾಗಿತ್ತು, ಆ ಧೈರ್ಯದ ಮೇಲೆ ಕೂತೆ. ಮೊದಲ ದಿನ ನಾನು ಏನೇ ಬರೆದರೂ ಆ ಪರದೆ ಇಂಗ್ಲಿಷಿನಲ್ಲಿ ಇನ್‌ವ್ಯಾಲಿಡ್ ಆರ್ಗ್ಯುಮೆಂಟ್, ಅಂದರೆ ಅಮಾನ್ಯ, ಎನ್ನುತ್ತಿತ್ತು. ಮತ್ತೆ ಬರೆದೆ, ಮತ್ತೆ ಅದೇ. ಕಿಟಕಿಯ ಹಿಂದಿನ ಆ ಮನುಷ್ಯನೇ ಯಂತ್ರವಾಗಿ ಹುಟ್ಟಿ ಬಂದು ನನ್ನೆದುರು ಕೂತಿದ್ದಾನೆ ಅನ್ನಿಸಿತು.

ನಸ್ರೀನ್ ಮೇಡಂ ನನ್ನ ಮುಖ ನೋಡಿದರು. ಇನ್ನೂ ಚಿಕ್ಕ ವಯಸ್ಸು, ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಬೇರೆ ಯಾರಾದರೂ ಆಗಿದ್ದರೆ ಹೀಗೆ ಬರೆಯಿರಿ ಸರ್ ಎಂದು ಒಂದು ಚೀಟಿ ಅಂಟಿಸಿ ಹೋಗುತ್ತಿದ್ದರು. ಇವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಸರ್, ನೀವು ತಪ್ಪು ಮಾಡ್ತಾ ಹೋಗಿ. ನಾನು ಸುಮ್ನೆ ನೋಡ್ತಾ ಇರ್ತೀನಿ."

ಇಂಥ ಅಪ್ಪಣೆ ನನಗೆ ಜನ್ಮದಲ್ಲಿ ಯಾರೂ ಕೊಟ್ಟಿರಲಿಲ್ಲ. ನಾನೂ ಧಾರಾಳವಾಗಿ ಮಾಡಿದೆ. ಆ ವಾರವೆಲ್ಲ ಅವರು ಬೆಳಿಗ್ಗೆ ಬಂದು ಕೂತು ನಾನು ಎಲ್ಲಿ ಎಡವುತ್ತೇನೆ ಎಂದು ನೋಡುವುದು, ಮಧ್ಯಾಹ್ನ ಹೋಗಿ ಆ ತಪ್ಪಿಗೆ ತಕ್ಕ ಉತ್ತರವನ್ನು ಸ್ಕ್ರಿಪ್ಟಿನೊಳಗೆ ಬರೆಯುವುದು. ನಾನು ಬಸ್ಸಿನ ಸಂಖ್ಯೆ ಮರೆತರೆ ಪರದೆ ಹೇಳಿತು: ಯಾವ ಬಸ್ಸು ಅಂತ ಹೇಳಲಿಲ್ಲ ಸರ್, ಮೊದಲು ಬಸ್ಸು, ಆಮೇಲೆ ಸ್ಟಾಪು, ಆಮೇಲೆ ನಿಮಿಷ. ಸೊನ್ನೆ ಒಂದು ಹೆಚ್ಚಿಗೆ ಬಿದ್ದರೆ: ಅಷ್ಟು ತಡವಾದರೆ ಮಕ್ಕಳು ಊಟದ ಬೆಲ್ಲಿಗೆ ಬರುತ್ತಾರೆ ಸರ್, ಸೊನ್ನೆ ನೋಡಿ. ಎಷ್ಟು ನಿಮಿಷ ಎಂಬ ಜಾಗದಲ್ಲಿ ನಾನು ಒಮ್ಮೆ 'ಸ್ವಲ್ಪ' ಎಂದು ಬರೆದಿದ್ದೆ. ಬೆಂಗಳೂರಿನಲ್ಲಿ ನಲವತ್ತು ವರ್ಷ ಬಸ್ಸಿಗೆ ಕಾದವನು ಇನ್ನೇನು ಬರೆದಾನು? ಮಾರನೆಯ ದಿನ ಅದಕ್ಕೂ ಉತ್ತರ ಸಿದ್ಧವಾಗಿತ್ತು. ಸ್ವಲ್ಪ ಅಂದರೆ ಎಷ್ಟು ಸರ್? ಪಾಪ, ಅವರು ರಸ್ತೆಯಲ್ಲಿ ನಿಂತಿರುತ್ತಾರೆ. ಅಂಕಿಯಲ್ಲಿ ಬರೆಯಿರಿ, ಹೀಗೆ: 15.

ನಾನು ಸಾವಿತ್ರಿಗೆ ಹೋಗಿ ಹೇಳಿದೆ, ಕಂಪ್ಯೂಟರು ನನ್ನನ್ನು ಸರ್ ಅನ್ನುತ್ತದೆ ಕಣೇ ಎಂದು. ಅದಕ್ಕಾದರೂ ಮರ್ಯಾದೆ ಗೊತ್ತಿದೆಯಲ್ಲ ಎಂದಳು.

ಆದರೆ ನನ್ನ ದೊಡ್ಡ ತೊಂದರೆ ಸ್ಟಾಪುಗಳ ಹೆಸರು. ಇದು ನಮ್ಮ ಕಡೆಯ ರೋಗ. ನಾವು ಒಂದು ಜಾಗವನ್ನು ಅಲ್ಲಿ ಈಗ ಇರುವುದರಿಂದ ಕರೆಯುವುದಿಲ್ಲ, ಹಿಂದೆ ಇದ್ದುದರಿಂದ ಕರೆಯುತ್ತೇವೆ. ಕೆರೆಯೇ ಇಲ್ಲದ ಕಡೆ ಏರಿ. ಸಿನಿಮಾ ಟೆಂಟು ಕಿತ್ತು ಅಪಾರ್ಟ್‌ಮೆಂಟು ಎದ್ದ ಕಡೆ ಟೆಂಟು. ಕಮಾನು ಕಟ್ಟಿ ಬಡಾವಣೆ ಮಾಡಿರುವ ಜಾಗ ನನ್ನ ಬಾಯಲ್ಲಿ ಇವತ್ತಿಗೂ ದ್ರಾಕ್ಷಿ ತೋಟ. ನಮ್ಮ ಕಡೆಯ ಆ ಕಪ್ಪು ದ್ರಾಕ್ಷಿಯನ್ನು ನೀವು ತಿಂದಿದ್ದೀರೋ ಇಲ್ಲವೋ. ದಪ್ಪ ಸಿಪ್ಪೆ, ಒಳಗೆಲ್ಲ ಬೀಜ, ಕಚ್ಚಿದರೆ ಕಿವಿಯ ಹಿಂದೆ ಜುಮ್ಮೆನ್ನುವ ಹುಳಿ. ಬೇಲಿಯ ಸಂದಿಯಲ್ಲಿ ಕೈ ಹಾಕಿ ಕಿತ್ತು ತಿಂದು, ನೇರಳೆ ಬಣ್ಣದ ನಾಲಿಗೆ ಮನೆಯಲ್ಲಿ ಯಾರಿಗೂ ಕಾಣದಂತೆ ಬಾಯಿ ಮುಚ್ಚಿಕೊಂಡೇ ಉತ್ತರ ಕೊಡುತ್ತಿದ್ದೆವು. ಅಂಥ ಜಾಗಕ್ಕೆ ಕಮಾನು ಎಂದು ಕರೆ ಅಂದರೆ ನಾಲಿಗೆ ಹೇಗೆ ಹೊರಳೀತು? ನಮ್ಮ ನಾಲ್ಕನೇ ಬಸ್ಸಿನ ಡ್ರೈವರ್ ಚಿಕ್ಕಜಾಲದ ಮುನಿರಾಜಪ್ಪ ನನಗಿಂತ ಒಂದು ಕೈ ಮೇಲು. ಅವನ ದಾರಿಯಲ್ಲಿ ಒಂದೇ ಒಂದು ಹೊಸ ಹೆಸರಿಲ್ಲ.

ರಸ್ತೆ ಅಗಲ ಮಾಡುವಾಗ ಕಡಿದ ಒಂದು ಹುಣಸೆಮರವಿತ್ತು. ಅದರ ಜಾಗದಲ್ಲಿ ಈಗ ಮೇಲ್ಸೇತುವೆಯ ಕಂಬ ನಿಂತಿದೆ. ಶಾಲೆಯ ಲೆಕ್ಕದಲ್ಲಿ ಆ ಸ್ಟಾಪಿನ ಹೆಸರು ಪಿಲ್ಲರ್. ಮುನಿರಾಜಪ್ಪ ಫೋನಿನಲ್ಲಿ ಹುಣಸೆಮರ ಎಂದ, ನಾನೂ ಹುಣಸೆಮರ ಎಂದೇ ಬರೆದೆ. ಯಂತ್ರ ಒಪ್ಪಲಿಲ್ಲ. ನಸ್ರೀನ್ ಮೇಡಂ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಯಾವ ಮರ ಸರ್, ಎಲ್ಲಿತ್ತು, ಎಷ್ಟು ದೊಡ್ಡದಿತ್ತು ಎಂದೆಲ್ಲ ಕೇಳಿದರು. ನಾನು ಹೇಳಿದೆ, ಅದರ ನೆರಳಿನಲ್ಲಿ ಎತ್ತಿನ ಗಾಡಿಗಳು ನಿಲ್ಲುತ್ತಿದ್ದವು, ಎಳೆ ಚಿಗುರನ್ನು ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದೆವು ಎಂದು. ಮಾರನೆಯ ದಿನ ಅದೇ ಹೆಸರು ಬರೆದಾಗ ಪರದೆಯ ಮೇಲೆ ಬಂದದ್ದು ಇಷ್ಟು:

ಹುಣಸೆಮರ ಈಗ ಇಲ್ಲ ಸರ್. ಅದು ಇದ್ದ ಜಾಗಕ್ಕೆ 'ಪಿಲ್ಲರ್' ಎಂದು ಬರೆಯಿರಿ.

ಆ ಸಾಲನ್ನು ಎರಡು ಸಲ ಓದಿದೆ. ಸುಳ್ಳು ಯಾಕೆ ಹೇಳಲಿ? ಆ ಮರ ಕಡಿದಾಗ ಊರಿನಲ್ಲಿ ಯಾರೂ ಒಂದು ಮಾತು ಆಡಿರಲಿಲ್ಲ. ನಾನೂ ಬಸ್ಸಿನ ಕಿಟಕಿಯಿಂದ ನೋಡಿಕೊಂಡು ಹೋಗಿದ್ದೆ. ಅದು ಇತ್ತು, ಈಗ ಇಲ್ಲ ಎಂದು ಬರೆದಿಟ್ಟವರು ಆ ಮರವನ್ನು ನೋಡಿಯೇ ಇರದ ಈ ಹೆಣ್ಣುಮಗಳು. ನನ್ನನ್ನು ಹಳೇ ಕಾಲದವನು ಎಂದು ನಗಲಿಲ್ಲ. ಹಳೇ ಹೆಸರಿನ ಕೈ ಹಿಡಿದು ಹೊಸ ಹೆಸರಿನ ಬಾಗಿಲಿಗೆ ತಂದು ಬಿಟ್ಟರು. ಏರಿಗೆ ಒಂದು, ಟೆಂಟಿಗೆ ಒಂದು, ದ್ರಾಕ್ಷಿ ತೋಟಕ್ಕೆ ಒಂದು ಇಂಥದೇ ಸಾಲು ಬರೆದರು. ಇದಕ್ಕಿಂತ ಒಳ್ಳೆಯ ಕನ್ನಡವನ್ನು ನಾನು ಪಾಠಪುಸ್ತಕಗಳಲ್ಲಿ ಹೆಚ್ಚೇನೂ ಓದಿಲ್ಲ.

ಇದನ್ನೆಲ್ಲ ಎಲ್ಲಿ ಕಲಿತಿರಿ ಮೇಡಂ ಎಂದು ಒಂದು ದಿನ ಕೇಳಿದೆ. ಅವರ ಮನೆ ಗಂಗಾನಗರ. ತಂದೆ ಆಟೋ ಸೀಟುಗಳಿಗೆ ಕವರ್ ಹೊಲಿಯುತ್ತಿದ್ದರಂತೆ. ಮನೆಯಲ್ಲಿ ಆಡುವುದು ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ಮೊದಮೊದಲು ಅವರ ಕನ್ನಡದ ಉತ್ತರಪತ್ರಿಕೆ ತುಂಬ ಕೆಂಪು ಗೆರೆಗಳೇ ಬರುತ್ತಿದ್ದವಂತೆ, ಏನು ತಪ್ಪು ಎಂದು ಒಂದು ಅಕ್ಷರ ಇರುತ್ತಿರಲಿಲ್ಲವಂತೆ. ಪಕ್ಕದ ಮನೆಯ ಜಯಕ್ಕ ಅವರೆಕಾಳು ಹಿಸುಕಲು ಮೆಟ್ಟಿಲ ಮೇಲೆ ಕೂತಾಗ ಇವರನ್ನೂ ಕೂರಿಸಿಕೊಂಡು, ಕೈಗೆ ಒಂದು ಹಿಡಿ ಕಾಳು ಕೊಟ್ಟು, ಕೆಂಪು ಗೆರೆ ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದರಂತೆ. ಇಷ್ಟು ಹೇಳಿ ನಸ್ರೀನ್ ಮೇಡಂ ಪರದೆಯ ಕಡೆ ತಿರುಗಿದರು.

"ಬರೀ ತಪ್ಪು ಅಂದ್ರೆ ಸಾಲ್ದು ಸರ್. ಮುಂದೆ ಏನ್ ಮಾಡ್ಬೇಕು ಅಂತ ಹೇಳ್ಬೇಕು. ಇಲ್ದಿದ್ರೆ ಅದು ಬೈಗುಳ ಅಷ್ಟೇ."

ನಾನು ಗೌರಮ್ಮನ ಕಥೆ ಹೇಳಿದೆ. ಮೆಣಸಿನಕಾಯಿ ಮಿಷನ್ನಿನ ಮಾತು ಕೇಳಿ ಅವರು ಬಿದ್ದು ಬಿದ್ದು ನಕ್ಕರು.

ಟರ್ಮ್ ಮುಗಿಯುವ ಹೊತ್ತಿಗೆ ಮಳೆ ಬಂತು. ಬೆಂಗಳೂರಿನ ಮಳೆಯ ವಿಷಯ ನಿಮಗೆ ಹೇಳಬೇಕಾಗಿಲ್ಲ. ರಾತ್ರಿಯಿಡೀ ಹೊಯ್ದು, ಬೆಳಿಗ್ಗೆ ನಾನು ಶಾಲೆಗೆ ಬಂದು ಕೊಡೆ ಕೊಡವುತ್ತಿದ್ದಾಗ ಮುನಿರಾಜಪ್ಪನ ಫೋನ್. "ಸಾ, ಬಸ್ಸು ಎಬ್ಬಾಳದತ್ರ ನಿಂತ್ಕಂಡೈತೆ. ಉಣಸೇಮರದತ್ರ ಮಂಡಿಗಂಟ ನೀರು, ಮೋರಿ ಬಾಯಿ ತೆಕ್ಕಂಡೈತಂತೆ. ಮಕ್ಳುನ್ನ ಅಲ್ಲಿಗೆ ಕರ್ಕಂಬರ್ಬೇಡಿ ಅಂತ ಏಳ್ಬುಡಿ." ಅಷ್ಟಕ್ಕೆ ಲೈನ್ ಕಟ್ಟಾಯಿತು. ಮತ್ತೆ ಮಾಡಿದೆ, ಸಿಗಲಿಲ್ಲ. ನಸ್ರೀನ್ ಮೇಡಂ ಬರುವುದೂ ಅದೇ ಬಸ್ಸಿನಲ್ಲಿ. ಅವರ ಫೋನೂ ಸಿಗಲಿಲ್ಲ. ಗಡಿಯಾರ ನೋಡಿದರೆ, ಆ ಸ್ಟಾಪಿನ ತಾಯಂದಿರು ಮಕ್ಕಳಿಗೆ ಶೂ ಹಾಕಿಸುವ ಹೊತ್ತು. ಒಬ್ಬೊಬ್ಬರಿಗೂ ಫೋನ್ ಮಾಡುತ್ತ ಕೂತರೆ ಅಷ್ಟರಲ್ಲಿ ಅರ್ಧ ಜನ ಆ ಮೋರಿಯ ಪಕ್ಕ ಬಂದು ನಿಂತಿರುತ್ತಾರೆ.

ಪರದೆಯ ಮುಂದೆ ಕೂತೆ. ಮಳೆಯ ಗಲಾಟೆಗೆ ಹೆಡ್ ಮೇಡಂ ಕೂಡ ಬೇಗ ಬಂದಿದ್ದರು. ನನ್ನ ಬೆನ್ನ ಹಿಂದೆ ಬಂದು ನಿಂತರು. ಕುರ್ಚಿ ಹೋದರೆ ಹೋಗಲಿ, ಆ ಮಕ್ಕಳು ಮನೆಯಿಂದ ಹೊರಡದಿದ್ದರೆ ಸಾಕು ಎಂದು ಮನಸ್ಸಿನಲ್ಲಿ ಅಂದುಕೊಂಡು ಏನೋ ಬರೆದು ಎಂಟರ್ ಒತ್ತಿದೆ. ಸ್ಟಾಪು ಮೊದಲು, ಬಸ್ಸು ಆಮೇಲೆ, ಎಲ್ಲ ಅದಲು ಬದಲು. ಪರದೆಯ ಮೇಲೆ ನಾನು ಅದುವರೆಗೆ ನೋಡಿರದ ಒಂದು ಸಾಲು ಬಂತು.

ಯಾರಿಗೂ ಏನೂ ಹೋಗಿಲ್ಲ ಸರ್, ಗಾಬರಿ ಬೇಡ. ಮೊದಲು ಬಸ್ಸು, ಆಮೇಲೆ ಸ್ಟಾಪು. ನಿಧಾನವಾಗಿ ಬರೆಯಿರಿ.

ಒಂದು ಉಸಿರು ಬಿಟ್ಟೆ. ನಾನು ಇಂಥ ಒಂದು ದಿನ ಗಾಬರಿಯಾಗುತ್ತೇನೆ, ಗಾಬರಿಯಾದರೆ ಅದಲು ಬದಲು ಮಾಡುತ್ತೇನೆ, ಆಗ ಪಕ್ಕದಲ್ಲಿ ಯಾರೂ ಇರುವುದಿಲ್ಲ ಎಂದು ಯಾವ ಮಧ್ಯಾಹ್ನ ಕೂತು ಯೋಚಿಸಿದ್ದರೋ. ತಪ್ಪು ಹೊರಗೆ ಹೋಗುವ ಮುಂಚೆಯೇ ಅದನ್ನು ಹೊಸಲಿನಲ್ಲಿ ನಿಲ್ಲಿಸಿ, ನೀರು ಕೊಟ್ಟು, ಸಮಾಧಾನ ಹೇಳಿ ವಾಪಸ್ ಕಳಿಸುವ ಏರ್ಪಾಡು. ಬಸ್ಸು ಮೊದಲು ಬರೆದೆ. ಸ್ಟಾಪಿಗೆ ಮುನಿರಾಜಪ್ಪನ ಮಾತು ಕಿವಿಯಲ್ಲಿದ್ದುದರಿಂದ ಹುಣಸೆಮರ ಎಂದೇ ಬಂತು. ಹುಣಸೆಮರ ಈಗ ಇಲ್ಲ ಸರ್ ಎಂದಿತು. ಗೊತ್ತಮ್ಮ ಎಂದು ಗಟ್ಟಿಯಾಗಿಯೇ ಹೇಳಿ ಪಿಲ್ಲರ್ ಎಂದು ತಿದ್ದಿ, ನಿಮಿಷದ ಜಾಗದಲ್ಲಿ 60 ಹಾಕಿದೆ. ತಡ ಅರ್ಧ ಗಂಟೆ ಮೀರಿದರೆ ಮನೆಯಲ್ಲೇ ಇರಿ, ಮತ್ತೆ ತಿಳಿಸುತ್ತೇವೆ ಎಂಬ ಮಾತನ್ನು ಸ್ಕ್ರಿಪ್ಟು ತಾನೇ ಸೇರಿಸುತ್ತದೆ. ಹೋಯಿತು. ಒಂದು ಗಳಿಗೆಯಲ್ಲಿ ಒಬ್ಬ ತಾಯಿಯ ಉತ್ತರ ಬಂತು: ಬಾಗಿಲಿಗೆ ಬೀಗ ಹಾಕುತ್ತಿದ್ದೆವು ಸರ್, ವಾಪಸ್ ಒಳಗೆ ಹೋದೆವು.

ಹೆಡ್ ಮೇಡಂ ಅಷ್ಟು ಹೊತ್ತೂ ನನ್ನ ಭುಜದ ಮೇಲಿಂದ ಪರದೆ ಓದುತ್ತಿದ್ದರು. ಹೋಗುವಾಗ ಆಯಾಗೆ ಹೇಳಿ ನನಗೆ ಒಂದು ಲೋಟ ಕಾಫಿ ಕಳಿಸಿದರು. ಟರ್ಮಿನ ಮಾತು ಆಮೇಲೆ ಬರಲೇ ಇಲ್ಲ.

ಬಸ್ಸು ಬಂದಾಗ ನಸ್ರೀನ್ ಮೇಡಂ ಒದ್ದೆ ಚೂಡಿದಾರದಲ್ಲಿ ನೇರವಾಗಿ ನನ್ನ ಕೋಣೆಗೆ ಬಂದರು. ಸಂದೇಶ ಹೋಯಿತೇ ಎಂದು ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಏನೇನ್ ತಪ್ಪು ಮಾಡಿದ್ರಿ ಸರ್ ಎಂದು, ಅದೂ ಎಷ್ಟು ಆಸೆಯಿಂದ! ನಾನು ಒಂದೊಂದನ್ನೂ ಹೆಮ್ಮೆಯಿಂದ ಹೇಳಿದೆ.

ಈಗ ಅವರು ನಮ್ಮ ಶಾಲೆಯಲ್ಲಿಲ್ಲ. ಕೋಲಾರದ ಕಡೆ ಸರ್ಕಾರಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಹೋಗುವ ದಿನ ನನ್ನನ್ನು ಕೂರಿಸಿಕೊಂಡು ಆ ಸಾಲುಗಳೆಲ್ಲ ಇರುವ ಜಾಗ ತೋರಿಸಿದರು. ಹೊಸ ತಪ್ಪು ಬಂದರೆ ಇಲ್ಲೊಂದು ಸಾಲು ನೀವೇ ಸೇರಿಸಿ ಸರ್ ಎಂದರು. ನಾನು ತಲೆಯಾಡಿಸಿದೆ. ಮೇಡಂ ಇಲ್ಲದೆ ಹೇಗಪ್ಪಾ ಎಂಬ ಭಯ ಮಾತ್ರ ಇದ್ದೇ ಇತ್ತು.

ಅವರು ದಿನಾ ಬಸ್ಸು ಹತ್ತುತ್ತಿದ್ದುದು ಗಂಗಾನಗರದ ಪಾರ್ಕಿನ ಹತ್ತಿರ. ಮುನಿರಾಜಪ್ಪ ಆ ಸ್ಟಾಪಿಗೆ ಮೇಡಂ ಸ್ಟಾಪ್ ಎಂದೇ ಹೆಸರಿಟ್ಟಿದ್ದ. ಅವರು ಹೋದ ಮೇಲೂ ಅವನ ಬಾಯಲ್ಲಿ ಅದೇ ಹೆಸರು. ಹೇಳಿದೆನಲ್ಲ, ನಮ್ಮ ಕಡೆಯ ರೋಗ. ಮೊನ್ನೆ ಬೆಳಿಗ್ಗೆ ಮೇಡಂ ಸ್ಟಾಪಿನಲ್ಲಿ ಕಾಲು ಗಂಟೆ ತಡ ಸಾ ಎಂದ. ನಾನೂ ಯೋಚಿಸದೆ ಮೇಡಂಸ್ಟಾಪ್ ಎಂದು ಬರೆದೆ. ಪರದೆ ಈ ಹೆಸರಿನ ಸ್ಟಾಪ್ ಇಲ್ಲ ಎಂದಿತು, ಸ್ಟಾಪುಗಳ ಹೆಸರನ್ನೆಲ್ಲ ಕೆಳಗೆ ಪಟ್ಟಿ ಮಾಡಿ ತೋರಿಸಿತು. ಅಷ್ಟೇ. ನೋಡುತ್ತ ಕೂತೆ. ಮರಕ್ಕೆ ಬರೆದಿದ್ದರು, ಟೆಂಟಿಗೆ ಬರೆದಿದ್ದರು, ಯಾವತ್ತೋ ಬತ್ತಿದ ಕೆರೆಯ ಏರಿಗೂ ಬರೆದಿದ್ದರು. ದಿನಾ ಕಿವಿಗೆ ಬೀಳುತ್ತಿದ್ದ ತಮ್ಮ ಹೆಸರಿನ ಸ್ಟಾಪಿಗೆ ಮಾತ್ರ ಒಂದು ಸಾಲೂ ಬರೆದುಕೊಂಡಿರಲಿಲ್ಲ.

ಪಾರ್ಕ್ ಎಂದು ತಿದ್ದಿ ಸಂದೇಶ ಕಳಿಸಿದೆ. ಆಮೇಲೆ ಅವರು ತೋರಿಸಿದ್ದ ಜಾಗ ತೆರೆದೆ. ನನ್ನ ನಂತರ ಈ ಕುರ್ಚಿಗೆ ಯಾರೋ ಬರುತ್ತಾರೆ, ಮುನಿರಾಜಪ್ಪ ಅವರಿಗೂ ಮೇಡಂ ಸ್ಟಾಪ್ ಎಂದೇ ಹೇಳುತ್ತಾನೆ, ಯಾವ ಮೇಡಂ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಹುಣಸೆಮರದ ಸಾಲನ್ನು ನೋಡಿ ನೋಡಿ, ಒಂದು ಉದ್ಧರಣ ಚಿಹ್ನೆ ಬಿಟ್ಟು ಕಂಪ್ಯೂಟರಿನ ಕೈಲಿ ಇಂಗ್ಲಿಷಿನಲ್ಲಿ ಬೈಸಿಕೊಂಡು, ಕಡೆಗೂ ಒಂದು ಸಾಲು ಕೂರಿಸಿದೆ. ಸಂಜೆ ಫೋನ್ ಮಾಡಿ, ನಿಮ್ಮ ಸ್ಟಾಪಿಗೂ ಒಂದು ಸಾಲು ಬರೆದಿದ್ದೀನಿ ಮೇಡಂ ಎಂದೆ.

"ಮುಂದೆ ಏನ್ ಮಾಡ್ಬೇಕು ಅಂತ ಹೇಳಿದ್ದೀರಾ ಸರ್?"

"ಹೇಳಿದ್ದೀನಿ ತಾಯಿ."

"ಓದಿ, ಕೇಳ್ತೀನಿ."

ಓದಿದೆ. ಮೇಡಂ ಈಗ ಇಲ್ಲಿ ಬಸ್ಸು ಹತ್ತುವುದಿಲ್ಲ. ಅವರು ನಿಲ್ಲುತ್ತಿದ್ದ ಜಾಗಕ್ಕೆ 'ಪಾರ್ಕ್' ಎಂದು ಬರೆಯಿರಿ.

ಸರಿಯಾಗಿದೆ ಸರ್ ಎಂದರು. ಇಷ್ಟು ವರ್ಷ ಮಕ್ಕಳಿಗೆ ಸರಿ ಗುರುತು ಹಾಕಿದ ನನಗೆ, ಆ ಒಂದು ಸರಿ ಸಿಕ್ಕಿದ್ದಕ್ಕೆ ಎಷ್ಟು ಸಂತೋಷವಾಯಿತೆಂದು ಹೇಗೆ ಹೇಳಲಿ.

ಪಾರ್ಕ್ ಎಂದು ಬರೆಯಬೇಕೆನ್ನುವುದು ನನಗೀಗ ಚೆನ್ನಾಗಿ ನೆನಪಿದೆ. ಆದರೂ ಇವತ್ತು ಗ್ಯಾಸಿನವಳ ಹತ್ತಿರ ಬೈಸಿಕೊಂಡು ಶಾಲೆಗೆ ಬಂದವನು, ಆ ಸಾಲು ಓದುವ ಆಸೆಗೆ, ಮೊದಲು ಮೇಡಂಸ್ಟಾಪ್ ಎಂದೇ ಬರೆದೆ.